ಎಲ್ಲಿ ಇಳೀತೀಯ?

ಮತ್ತೆ ವಿಮಾನ ಹಾರಿಸಲು ಯಾಕೆ ಹೊರಟೆ ಎಂದು ಕೇಳಿದವರಿಗೆ ನಾನು ಅಡಿಕೆ ದರ ಹೇಳುತ್ತೇನೆ. ಬಾಲ್ಯದ ಕನಸು, ಛಲ, ಅರೆಬರೆ ಉಳಿದ ಆಸೆ ಎಂಬಂಥ ಉತ್ತರಕ್ಕೆ ಕಿವಿ ತೆರೆದು ಕೂತವರಿಗೆ ನಿರಾಸೆಯಾಗುತ್ತದೆ. ಏನು ಮಾಡುವುದು, ಇದ್ದದ್ದೇ ಅದು. ಕೆಂಪಡಿಕೆ ಕ್ವಿಂಟಲಿಗೆ 50,000 ರೂಪಾಯಿಯ ಆಸುಪಾಸು ಮುಟ್ಟಿದ ವರ್ಷಗಳಲ್ಲಿ ಶಿರಸಿ ಕಡೆಯ ನಮ್ಮ ಇಸಳೂರಿನ ಸುತ್ತ ಒಬ್ಬೊಬ್ಬರು ಒಂದೊಂದು ಮಾಡಿದರು. ಹಂಚಿನ ಮನೆ ಕೆಡವಿ ಆರ್‌ಸಿಸಿ ಹಾಕಿಸಿದವರಿದ್ದಾರೆ, ಕಾರು ಬದಲಿಸಿದವರಿದ್ದಾರೆ, ಕಾಶಿಗೆ ವಿಮಾನದಲ್ಲಿ ಹೋಗಿಬಂದವರಿದ್ದಾರೆ. ನಾನು ಬೆಳಗಾವಿಯ ಸಾಂಬ್ರಾ ನಿಲ್ದಾಣದ ಹಾರಾಟ ಶಾಲೆಗೆ ಹೋಗಿ ತಾಸಿನ ಲೆಕ್ಕದಲ್ಲಿ ದುಡ್ಡು ತೆತ್ತು ಸೆಸ್ನಾ ಹಾರಿಸಿದೆ. ಮಗಳ ಓದು ಮುಗಿದಿತ್ತು, ಸೊಸೈಟಿಯ ಸಾಲ ತೀರಿತ್ತು, ಬಿಪಿ ಇನ್ನೂ ಬಂದಿರಲಿಲ್ಲ. ಈ ಮೂರೂ ಒಟ್ಟಿಗೆ ಕೂಡಿಬರುವುದು ತೋಟಿಗನ ಬಾಳಿನಲ್ಲಿ ಅಪರೂಪ.

ಮೊದಲು ಕಲಿತದ್ದು ಜಕ್ಕೂರಿನಲ್ಲಿ, 1980ರ ದಶಕದ ನಡುವಿನಲ್ಲಿ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮೈಸೂರು ಸರ್ಕಾರ ಶುರುಮಾಡಿದ ಹಾರಾಟ ತರಬೇತಿ ಶಾಲೆ ಅದು. ಆಗ ಹೆಬ್ಬಾಳ ದಾಟಿದರೆ ಬೆಂಗಳೂರು ಮುಗಿಯುತ್ತಿತ್ತು. ಆಚೆ ದ್ರಾಕ್ಷಿ ತೋಟ, ರಾಗಿ ಹೊಲ, ಜಕ್ಕೂರು ಕೆರೆ, ಮಧ್ಯೆ ಒಂದು ಗಿಡ್ಡ ರನ್‌ವೇ. ಬೆಳಗಿನ ಮೊದಲ ಹಾರಾಟಕ್ಕೆ ಮುಂಚೆ ಯಾರಾದರೂ ಸೈಕಲ್ಲಿನಲ್ಲಿ ಹೋಗಿ ದನ ಅಟ್ಟಿ ಬರಬೇಕಿತ್ತು. ಪಕ್ಕದ ಯಲಹಂಕದಲ್ಲಿ ವಾಯುಪಡೆಯ ನೆಲೆ. ಅವರು ಬೇಡವೆಂದರೆ ನಾವು ಚಹಾ ಕುಡಿಯುತ್ತ ಕೂರುವುದು.

ಅಪ್ಪಯ್ಯನಿಗೆ ಇದು ಹಿಡಿಸಿರಲಿಲ್ಲ. "ಮಾಣಿ, ಅಷ್ಟೆಲ್ಲ ಓದಿ ಡ್ರೈವರ್ ಕೆಲಸಕ್ಕೆ ಹೋಗ್ತ್ಯ?" ಎಂದು ಕೇಳಿದ. ಆದರೂ ಆ ವರ್ಷದ ಚಾಲಿ ಅಡಿಕೆ ಮಾರಿದ ಹಣದಲ್ಲಿ ಒಂದು ಪಾಲು ಎತ್ತಿಟ್ಟು ಕೊಟ್ಟ. ಹಾರಾಟದ ತಾಸಿಗೆ ಸರ್ಕಾರದ ಸಬ್ಸಿಡಿ ಇದ್ದ ಕಾಲವಾದ್ದರಿಂದ ಹಳ್ಳಿಯ ತೋಟದ ಮನೆಯವನೂ ಆ ಕಡೆ ತಲೆಹಾಕಬಹುದಿತ್ತು.

ಕಲಿಸಿದ ವಿಮಾನ ಪುಷ್ಪಕ. ಪುರಾಣದ್ದಲ್ಲ, ಎಚ್‌ಎಎಲ್‌ನದು. 1958ರಲ್ಲಿ ಮೊದಲು ಹಾರಿದ, ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಂದೇ ಮಾಡಿದ ಎರಡು ಸೀಟಿನ ವಿಮಾನ. ಬಟ್ಟೆ ಹೊದಿಸಿ ಡೋಪ್ ಎಂಬ ವಾರ್ನಿಷ್ ಬಳಿದ ಮೈ, ತಲೆಯ ಮೇಲೆ ರೆಕ್ಕೆ, 90 ಅಶ್ವಶಕ್ತಿಯ ಇಂಜಿನ್, ಬಾಲದಡಿಗೊಂದು ಪುಟ್ಟ ಗಾಲಿ. ಸ್ಟಾರ್ಟರ್ ಇಲ್ಲ. ಮೆಕ್ಯಾನಿಕ್ ಎದುರಿಗೆ ನಿಂತು "ಸ್ವಿಚ್ ಆಫ್", "ಕಾಂಟ್ಯಾಕ್ಟ್" ಎಂದು ಕೂಗಿ, ಕೈಯಿಂದಲೇ ಪ್ರೊಪೆಲ್ಲರ್ ತಿರುವಿ ಹಿಂದಕ್ಕೆ ಜಿಗಿಯುತ್ತಿದ್ದ. ರೇಡಿಯೋ ಇಲ್ಲ. ಟವರಿನಿಂದ ಹಸಿರು ದೀಪ ಬಿದ್ದರೆ ಇಳಿಯಬೇಕು, ಕೆಂಪು ಬಿದ್ದರೆ ಸುತ್ತುತ್ತಿರಬೇಕು. ಹೆಡ್‌ಸೆಟ್ಟೂ ಇಲ್ಲದ್ದರಿಂದ ಇನ್‌ಸ್ಟ್ರಕ್ಟರ್ ಬೈದದ್ದು ಅರ್ಧ ಮಾತ್ರ ಕೇಳುತ್ತಿತ್ತು. ಉಳಿದರ್ಧ ಮಡಚಿದ ನಕಾಶೆಯ ರೂಪದಲ್ಲಿ ತೊಡೆಯ ಮೇಲೆ ಬೀಳುತ್ತಿತ್ತು.

ಬಾಲಗಾಲಿಯ ವಿಮಾನಕ್ಕೊಂದು ಕೆಟ್ಟ ಗುಣವಿದೆ. ಅದರ ಭಾರದ ಕೇಂದ್ರ ಮುಂದಿನ ಎರಡು ಗಾಲಿಗಳ ಹಿಂದೆ ಇರುತ್ತದೆ. ನೆಲ ಮುಟ್ಟಿದ ಮೇಲೆ ಮೂಗು ಒಂದಿಷ್ಟು ಅಡ್ಡ ತಿರುಗಿದರೂ ಹಿಂದಿನ ಭಾರ ಮುಂದೆ ಬರಲು ನೋಡುತ್ತದೆ, ಇಡೀ ವಿಮಾನ ಗಿರಕಿ ಹೊಡೆದು ರೆಕ್ಕೆ ನೆಲಕ್ಕೆ ತಾಗುತ್ತದೆ. ಹಾಗಾಗಿ ಇಳಿದ ಮೇಲೂ, ಪೂರ್ತಿ ನಿಲ್ಲುವ ತನಕ, ಎರಡೂ ಕಾಲು ರಡ್ಡರ್ ಮೇಲೆ ಕುಣಿಯುತ್ತಲೇ ಇರಬೇಕು. ಪುಷ್ಪಕ ನನಗೆ ಕಲಿಸಿದ್ದು ಹೆಚ್ಚಾಗಿ ಕಾಲಿನ ಕೆಲಸವನ್ನೇ.

ಇನ್ನೊಂದು ಕಲಿಸಿದ್ದು ಇನ್‌ಸ್ಟ್ರಕ್ಟರು. ಮೇಲೆ ಹೋಗಿ ನಿಶ್ಚಿಂತೆಯಿಂದ ಕೂತಿದ್ದಾಗ ಥ್ರಾಟಲನ್ನು ಪೂರ್ತಿ ಹಿಂದಕ್ಕೆಳೆದು, "ಇಂಜಿನ್ ಹೋಯ್ತು, ಎಲ್ಲಿ ಇಳೀತೀಯ?" ಅನ್ನುತ್ತಿದ್ದರು. ಉತ್ತರ ಹೇಳಲು ಐದಾರು ಸೆಕೆಂಡು. ಗಾಳಿ ಯಾವ ಕಡೆಯದು, ಹೊಲ ಎಷ್ಟು ಉದ್ದ, ಕೊಯ್ಲಾಗಿದೆಯೋ ಇಲ್ಲವೋ, ಬದು ಅಡ್ಡವಿದೆಯೋ ಉದ್ದವಿದೆಯೋ, ತಂತಿ ಎಲ್ಲಿ ಹಾದಿದೆ, ಇಷ್ಟನ್ನೂ ಅಷ್ಟರಲ್ಲೇ ನೋಡಬೇಕು. ಜಕ್ಕೂರಿನ ಸುತ್ತ ಆಗ ಇದು ಕಷ್ಟದ ಪ್ರಶ್ನೆಯೇನಲ್ಲ. ಎತ್ತ ಕೈ ತೋರಿಸಿದರೂ ಒಂದು ರಾಗಿ ಹೊಲ. ನಾಗವಾರದ ಕಡೆ ನಾನು ಯಾವಾಗಲೂ ತೋರಿಸುತ್ತಿದ್ದ ಬಯಲಿನ ಆಸುಪಾಸಿನಲ್ಲೇ ಈಗ ಮಾನ್ಯತಾ ಟೆಕ್ ಪಾರ್ಕ್ ಇದೆ. ಬಳ್ಳಾರಿ ರಸ್ತೆಗೆ ಮೇಲ್ಸೇತುವೆ ಬಂತು, 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆಯಿತು, ಜಕ್ಕೂರು ಊರೊಳಗಾಯಿತು.

ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ ದೂರದ ಹಾರಾಟಗಳನ್ನು ಸೆಸ್ನಾದಲ್ಲಿ ಮಾಡಿದೆವು. ಜಕ್ಕೂರಿನಿಂದ ಹುಬ್ಬಳ್ಳಿಗೆ ನಕಾಶೆಯ ಮೇಲೆ ಪೆನ್ಸಿಲ್ ಗೆರೆ ಎಳೆದು, ಹತ್ತು ಹತ್ತು ಮೈಲಿಗೆ ಗುರುತು ಹಾಕಿ ಹೋಗುವುದು. ಗೆರೆ ತಪ್ಪಿತೆನಿಸಿದರೆ ಕೆಳಗೆ ಮೀಟರ್‌ಗೇಜ್ ರೈಲುಹಳಿ. ಅರಸೀಕೆರೆ, ದಾವಣಗೆರೆ, ಹಾವೇರಿ ಎಂದು ಅದೇ ಕರೆದುಕೊಂಡು ಹೋಗುತ್ತಿತ್ತು. ಹಿಂತಿರುಗುವ ಒಂದು ಹಾರಾಟದಲ್ಲಿ ನನ್ನ ಕಾಟ ತಾಳಲಾರದೆ ಇನ್‌ಸ್ಟ್ರಕ್ಟರು ಮುಂಡಗೋಡ, ಬನವಾಸಿ ಮೇಲಿಂದ ಹೋಗಲು ಒಪ್ಪಿದರು. ಬನವಾಸಿಯ ಹತ್ತಿರ ಥ್ರಾಟಲ್ ಎಳೆದು ಅದೇ ಪ್ರಶ್ನೆ. ವರದಾ ನದಿಯ ದಂಡೆಯ ಗದ್ದೆ ತೋರಿಸಿದೆ. ಭತ್ತದ ಕೊಯ್ಲು ಮುಗಿದು ಕೂಳೆ ಮಾತ್ರ ನಿಂತಿತ್ತು, ಮೈಲಿಗಟ್ಟಲೆ ಸಮತಟ್ಟು. "ನಿಮ್ಮೂರ ಕಡೆ ಪರವಾಗಿಲ್ಲವಲ್ಲಯ್ಯ" ಅಂದರು.

ಲೈಸೆನ್ಸ್ ಕೈಗೆ ಬಂದಾಗ ಕೆಲಸವಿರಲಿಲ್ಲ. ಈಗಿನ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಆಗ ಕಂಪನಿಗಳೆಂದರೆ ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್, ವಾಯುದೂತ, ಮೂರೂ ಸರ್ಕಾರದವು. ನಾಲ್ಕಾರು ಹುದ್ದೆ ಕರೆದರೆ ದೇಶದ ಎಲ್ಲ ಕ್ಲಬ್ಬುಗಳಿಂದ ಕಲಿತುಬಂದವರು ಸಾಲು ನಿಲ್ಲುತ್ತಿದ್ದರು. 1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸಿನ ಹೊಸ ಏರ್‌ಬಸ್ ಎ-320 ಬೆಂಗಳೂರಿನ ಎಚ್‌ಎಎಲ್ ನಿಲ್ದಾಣ ತಲುಪುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿದು 92 ಜನ ಸತ್ತರು. ಆ ಜಾತಿಯ ವಿಮಾನಗಳನ್ನೆಲ್ಲ ಸರ್ಕಾರ ತಿಂಗಳುಗಟ್ಟಲೆ ನೆಲಕ್ಕೆ ಕಟ್ಟಿಹಾಕಿತು. ಹಾರಿಸುತ್ತಿದ್ದವರಿಗೇ ಕೆಲಸವಿಲ್ಲದ ಮೇಲೆ ಹೊಸಬರನ್ನು ಕೇಳುವವರು ಯಾರು? ಲೈಸೆನ್ಸ್ ಜೀವಂತವಿಡಬೇಕೆಂದರೆ ಕೈಯಿಂದ ದುಡ್ಡು ಹಾಕಿ ಹಾರುತ್ತಿರಬೇಕು, ವೈದ್ಯಕೀಯ ಪರೀಕ್ಷೆ ಮಾಡಿಸುತ್ತಿರಬೇಕು. ಅಷ್ಟರಲ್ಲಿ ಅಪ್ಪಯ್ಯ ಹಾಸಿಗೆ ಹಿಡಿದ. ಆ ವರ್ಷ ಕೊಳೆರೋಗ ಬೇರೆ. ನಾನು ಊರಿಗೆ ಬಂದೆ, ಲೈಸೆನ್ಸಿನ ಅವಧಿ ತೀರಿತು. ಖಾಸಗಿ ಕಂಪನಿಗಳು ಬಂದು ಪೈಲಟ್‌ಗಳಿಗೆ ಹುಡುಕಾಟ ಶುರುವಾದಾಗ ನಾನು ಮೈಲುತುತ್ತ, ಸುಣ್ಣ ಕಲಸುತ್ತಿದ್ದೆ.

ಇಲ್ಲಿ ನಿಟ್ಟುಸಿರು ಬಿಡಬೇಕೆಂದು ಕೇಳುಗರು ಕಾಯುತ್ತಾರೆ. ಬಿಟ್ಟದ್ದುಂಟು, ಒಂದೆರಡು ವರ್ಷ. ಆಮೇಲೆ ನೆನಪಾದರೆ ತಾನೆ? ಹಾರುತ್ತ ಉಳಿದವರ ಕತೆಯೂ ಸಿನಿಮಾದಂತೇನೂ ನಡೆಯಲಿಲ್ಲ. ಖಾಸಗಿಯವರ ಮೊದಲ ಅಲೆಯಲ್ಲಿ ಬಂದ ಈಸ್ಟ್-ವೆಸ್ಟ್, ದಮಾನಿಯಾ, ಮೋದಿಲುಫ್ಟ್ ಕೆಲವೇ ವರ್ಷಗಳಲ್ಲಿ ಮುಚ್ಚಿದವು. ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರ ರಾತ್ರಿ ಕೊನೆಯದಾಗಿ ಹಾರಿತು. ನನ್ನ ಜೊತೆ ಕಲಿತವನೊಬ್ಬ ಇವುಗಳಲ್ಲಿ ಎರಡು ಕಡೆ ದುಡಿದ. ಕೆಲಸ ಹೋದ ವರ್ಷ ನಮ್ಮ ಮನೆಗೆ ಬಂದವನು ತೋಟ ಸುತ್ತಿ, "ನಿಂದೇ ಪರವಾಗಿಲ್ಲ ಮಾರಾಯ, ಈ ಮರಗಳು ದಿವಾಳಿ ಆಗೋದಿಲ್ಲ" ಅಂದ. ಎಲೆಚುಕ್ಕಿ ರೋಗ ಅವನಿಗೆ ಗೊತ್ತಿರಲಿಲ್ಲ, ನಾನೂ ಹೇಳಲು ಹೋಗಲಿಲ್ಲ.

ಜೆಆರ್‌ಡಿ ಟಾಟಾ ಅವರ ಹೆಸರು ಹೇಳಿ, ಮತ್ತೆ ಹಾರು ಎಂದು ಹುರಿದುಂಬಿಸಿದವರೂ ಇದ್ದಾರೆ. 1932ರಲ್ಲಿ ಕರಾಚಿಯಿಂದ ಮುಂಬಯಿಗೆ ಟಪಾಲು ಹೊತ್ತು ಹಾರಿದವರು 50 ವರ್ಷದ ನಂತರ, 78ರ ವಯಸ್ಸಿನಲ್ಲಿ, ಲೆಪರ್ಡ್ ಮಾತ್ ಎಂಬ ಹಳೆಯ ವಿಮಾನದಲ್ಲಿ ಅದೇ ದಾರಿಯಲ್ಲಿ ಮತ್ತೆ ಬಂದರು. ದೊಡ್ಡ ಮಾತೇ. ಆದರೆ ಅವರು ಹಾರುವುದನ್ನು ಬಿಟ್ಟಿದ್ದವರಲ್ಲ, ಹಿಂದೆ ಒಂದು ಕಂಪನಿಯಷ್ಟು ಜನ ನಿಂತಿದ್ದರು. ನಾನು ಪೂರ್ತಿ ಮೂರು ದಶಕ ಜೀಪು ಮತ್ತು ಪವರ್ ಟಿಲ್ಲರ್ ಬಿಟ್ಟು ಬೇರೇನನ್ನೂ ನಡೆಸಿರಲಿಲ್ಲ.

ಹಿಂತಿರುಗಿದವನಿಗೆ ಮೊದಲು ಎದುರಾಗುವುದು ಆಕಾಶವಲ್ಲ, ಕಾಗದ. ಹಿಂದೆ ಫಾರಂ ತುಂಬಿ, ಅಂಚೆಗೆ ಹಾಕಿ, ದೆಹಲಿಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಿಂದ, ಅಂದರೆ ಡಿಜಿಸಿಎಯಿಂದ, ಉತ್ತರ ಬರಲು ತಿಂಗಳು ಕಾಯುತ್ತಿದ್ದೆವು. ಈಗ ಎಲ್ಲವೂ ಇ-ಜಿಸಿಎ ಎಂಬ ಜಾಲತಾಣದಲ್ಲಿ. ಮನೆಯ ಹತ್ತಿರ ನೆಟ್‌ವರ್ಕ್ ಸಿಗದೆ ನಾನು ಗುಡ್ಡ ಹತ್ತಿ ಕಾಗದಪತ್ರ ಅಪ್‌ಲೋಡ್ ಮಾಡಿದ್ದುಂಟು. ಹಳೆಯ ಲಾಗ್‌ಬುಕ್ಕನ್ನು ಎಲ್ಲರೂ ಕುತೂಹಲದಿಂದ ತಿರುವಿಹಾಕಿದರು, ಲೆಕ್ಕಕ್ಕೆ ಮಾತ್ರ ಹೆಚ್ಚೇನೂ ಹಿಡಿಯಲಿಲ್ಲ. ಹಿಡಿಯದಿದ್ದದ್ದೇ ಸರಿ. ಕೆಲಸ ಹುಡುಕುವ ವಯಸ್ಸು ಕಳೆದಿದ್ದರಿಂದ ಪ್ರೈವೇಟ್ ಲೈಸೆನ್ಸ್ ಸಾಕೆಂದುಕೊಂಡು, ನಿಯಮ, ಹವಾಮಾನ, ದಿಕ್ಕು ನಿರ್ಣಯ ಎಲ್ಲವನ್ನೂ ಮತ್ತೆ ಓದಿದೆ. ನಾವು ಬಾಯಿಪಾಠ ಮಾಡಿದ್ದು 1934ರ ವಿಮಾನ ಕಾಯ್ದೆ, 1937ರ ನಿಯಮಗಳು. ಆ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ.

ಇಂಗ್ಲಿಷ್ ಬರುತ್ತದೆಂದು ರುಜುವಾತು ಮಾಡುವ ಪರೀಕ್ಷೆಯೊಂದು ಹೊಸತು. ನಮ್ಮ ಕಾಲದಲ್ಲಿ ರೇಡಿಯೋ ಪರೀಕ್ಷೆಯಿತ್ತೇ ಹೊರತು ಭಾಷೆಯದಿರಲಿಲ್ಲ. ಬೇರೆ ಬೇರೆ ದೇಶದ ಪೈಲಟ್ಟೂ ಕಂಟ್ರೋಲರೂ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಅಪಘಾತಗಳಾದ ಮೇಲೆ, 2008ರಿಂದ ಜಗತ್ತಿನಲ್ಲೆಲ್ಲ ಕಡ್ಡಾಯವಾಗಿದೆ. ಆರು ಮಟ್ಟಗಳಲ್ಲಿ ಕನಿಷ್ಠ ನಾಲ್ಕನೆಯದಾದರೂ ಬರಬೇಕು. ನನ್ನ ಶಿರಸಿ ಉಚ್ಚಾರಕ್ಕೆ ಅಷ್ಟು ಸಿಕ್ಕಿತು.

ಉಸಿರು ಪರೀಕ್ಷೆಯ ಕತೆ ಬೇರೆ. ಹಾರುವ ಮುಂಚೆ ಪ್ರತಿ ಸಲ ಕೊಳವೆಯೊಳಗೆ ಊದಬೇಕು, ಮದ್ಯದ ಅಂಶ ಸೊನ್ನೆ ಇರಬೇಕು. ನನಗೆ ಆ ಅಭ್ಯಾಸವಿಲ್ಲವಾದ್ದರಿಂದ ಚಿಂತೆಯಿರಲಿಲ್ಲ. ಚಿಂತೆ ಹಚ್ಚಿದ್ದು ಸಾಂಬ್ರಾದಲ್ಲಿ ಕಲಿಯುತ್ತಿದ್ದ ಹುಡುಗರು. "ಅಂಕಲ್, ಕಷಾಯ ಗಿಷಾಯ ಕುಡೀತೀರಾ?" ಮದ್ಯಾಂಶವಿರುವ ಔಷಧ, ಬಾಯಿ ಮುಕ್ಕಳಿಸುವ ದ್ರಾವಣ ಯಾವುದನ್ನೂ ಬಳಸಬಾರದೆಂದು 2023ರಲ್ಲಿ ಡಿಜಿಸಿಎ ನಿಯಮ ಬಿಗಿಮಾಡಿದೆ. ನಮ್ಮ ಮನೆಗಳಲ್ಲಿ ದ್ರಾಕ್ಷಾರಿಷ್ಟ, ದಶಮೂಲಾರಿಷ್ಟದ ಬಾಟಲಿ ಇಲ್ಲದ ಗೂಡು ಯಾವುದಿದೆ? ಹುದುಗಿಸಿ ಮಾಡುವ ಅರಿಷ್ಟದಲ್ಲಿ ಮದ್ಯ ತಾನೇ ಹುಟ್ಟಿಕೊಳ್ಳುತ್ತದೆ. ಊಟದ ನಂತರದ ಎರಡು ಚಮಚ ನಿಂತಿತು. ಕವಳಕ್ಕೆ ಯಾವ ನಿಯಮದ ಅಡ್ಡಿಯೂ ಇಲ್ಲ. ಆದರೆ ತುಂಬಿದ ಬಾಯಲ್ಲಿ ಊದುವುದು ಹೇಗೆ, ಉಗುಳಿ ಬರಬೇಕಾಯಿತು.

ಸಾಂಬ್ರಾ ಎರಡನೆಯ ಮಹಾಯುದ್ಧದ ಕಾಲದ ನೆಲೆ. ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರ, ಜಕ್ಕೂರಿನ ಗಿಡ್ಡ ಪಟ್ಟಿಯ ಎದುರು ದೊಡ್ಡಾಟದ ರಂಗಸ್ಥಳದಂಥ ರನ್‌ವೇ. ನನಗೆ ಗೊತ್ತುಮಾಡಿದ ಇನ್‌ಸ್ಟ್ರಕ್ಟರ್ ನನ್ನ ಮಗಳ ವಯಸ್ಸಿನ ಹುಡುಗಿ. ಅವಳು ನನ್ನನ್ನು "ಸರ್" ಎನ್ನುತ್ತಿದ್ದಳು, ನಾನು "ಮೇಡಂ" ಎನ್ನುತ್ತಿದ್ದೆ. ಬೈಗುಳವೆಲ್ಲ ಈ ಎರಡು ಮರ್ಯಾದೆಗಳ ನಡುವೆಯೇ ನಡೆಯಿತು.

ಕೈಕಾಲು ಮರೆತಿರಲಿಲ್ಲ ಎನ್ನುವುದು ನಿಜ. ಇಳಿದ ಮೇಲೂ ನನ್ನ ಕಾಲು ರಡ್ಡರ್ ಮೇಲೆ ಕುಣಿಯುತ್ತಿದ್ದುದನ್ನು ನೋಡಿ ಮೇಡಂ, "ಸರ್, ಇದಕ್ಕೆ ಮೂಗಿನಲ್ಲೇ ಗಾಲಿ ಇದೆ, ಆರಾಮಾಗಿರಿ" ಅಂದರು. ಮರೆತದ್ದು, ಅಥವಾ ಎಂದೂ ಕಲಿಯದೇ ಇದ್ದದ್ದು, ಮಾತಾಡುತ್ತ ಹಾರುವುದು. ಹಸಿರು ದೀಪ ನೋಡಿ ಇಳಿದವನಿಗೆ ಕಿವಿಯಲ್ಲಿ ಸದಾ ಯಾರೋ ಏನೋ ಹೇಳುತ್ತಿರುವುದು ಹಿಂಸೆ. ಸ್ಟಾರ್ ಏರ್‌ನ ಎಂಬ್ರೇಯರ್ ಬರುತ್ತಿದೆ, ನೀವು ದಕ್ಷಿಣಕ್ಕೆ ಸುತ್ತುತ್ತಿರಿ, ಕಂಡಾಗ ಹೇಳಿ ಎಂದು ಕಂಟ್ರೋಲರ್ ಒಂದೇ ಉಸಿರಿಗೆ ಅಂದರೆ, ಅದನ್ನೆಲ್ಲ ತಿರುಗಿ ಒಪ್ಪಿಸುತ್ತಲೇ 65 ನಾಟ್ ವೇಗ ಕಾಯಬೇಕು. ಎದುರಿಗೆ ಗಡಿಯಾರದಂಥ ಮೀಟರುಗಳ ಬದಲು ಎರಡು ದೊಡ್ಡ ಪರದೆ. ಗಾಳಿ ಎತ್ತಣದು, ಎಷ್ಟಿದೆ, ಹುಬ್ಬಳ್ಳಿಗೆ ಎಷ್ಟು ನಿಮಿಷ, ಎಲ್ಲವನ್ನೂ ಅದೇ ಹೇಳುತ್ತದೆ. ನಾನು ಅದನ್ನೇ ನೋಡುತ್ತ ಕೂರುತ್ತಿದ್ದೆ. "ಹೊರಗೆ ನೋಡಿ ಸರ್" ಎಂದು ಎಷ್ಟು ಸಲ ಹೇಳಿಸಿಕೊಂಡೆನೋ!

ಹಳಬರು ಕೂಡಿದಲ್ಲಿ ಒಂದು ಮಾತು ಬಂದೇ ಬರುತ್ತದೆ. ಆಗಿನದೇ ನಿಜವಾದ ಹಾರಾಟ, ಈಗಿನವರು ಗುಂಡಿ ಒತ್ತುವವರು ಅಂತ. ನಾನು ಒಪ್ಪುವುದಿಲ್ಲ. ಆಗ ಹಾರುವ ಮುಂಚಿನ ತಪಾಸಣೆಯೆಂದರೆ ಒಂದು ಸುತ್ತು ಬಂದು ಗಾಲಿ ಒದೆಯುವುದು. ಈಗ ಸೆಸ್ನಾ 172ರ ಒಂದೊಂದು ರೆಕ್ಕೆಯಡಿ ಐದೈದು ಕಡೆ, ಇಂಜಿನ್ ಕೆಳಗೆ ಇನ್ನು ಮೂರು ಕಡೆ ನೀಲಿ ಪೆಟ್ರೋಲನ್ನು ಪಾರದರ್ಶಕ ಲೋಟಕ್ಕೆ ಬಸಿದು ನೀರಿದೆಯೇ ಎಂದು ನೋಡುತ್ತಾರೆ. ಆಗ ಗಾಳಿಗುಣವನ್ನು ಗಾಳಿಚೀಲ ನೋಡಿ ಅಂದಾಜು ಮಾಡಿದೆವು. ಈಗ ಬೇಸಿಗೆಯಲ್ಲಿ ಉಷ್ಣತೆ 36 ಡಿಗ್ರಿ ಮುಟ್ಟಿದರೆ, ಸಾಂಬ್ರಾದ ಗಾಳಿ ಐದೂವರೆ ಸಾವಿರ ಅಡಿ ಎತ್ತರದಲ್ಲಿರುವಷ್ಟು ತೆಳುವೆಂದು ಲೆಕ್ಕ ಹಾಕಿ, ಎಷ್ಟು ಭಾರ ಹೊತ್ತು ಏರಬಹುದೆಂದು ಕೋಷ್ಟಕ ನೋಡಿಯೇ ಹೊರಡುತ್ತಾರೆ. ನಾವು ಬದುಕುಳಿದದ್ದರಲ್ಲಿ ಚಾಕಚಕ್ಯತೆಯ ಪಾಲು ಎಷ್ಟು, ಅದೃಷ್ಟದ ಪಾಲು ಎಷ್ಟು ಎಂದು ಈ ವಯಸ್ಸಿನಲ್ಲಾದರೂ ಲೆಕ್ಕ ಮಾಡಬಹುದು.

ಆಗಿನದು ಒಂದೇ ವಿಷಯದಲ್ಲಿ ಮೇಲು. ಆಗ ಕಲಿಯುವವರಲ್ಲಿ ಬಡವರಿಲ್ಲದಿದ್ದರೂ ಸಾಧಾರಣ ಮನೆಯವರು ಇದ್ದರು. ಈಗ ಕಮರ್ಷಿಯಲ್ ಲೈಸೆನ್ಸಿಗೆ 50 ಲಕ್ಷ ಸಾಲುವುದಿಲ್ಲ. ಸಾಂಬ್ರಾದ ಮೆಸ್ಸಿನಲ್ಲಿ ಎದುರು ಕೂತ ಹುಡುಗರಲ್ಲಿ ಮನೆ ಅಡವಿಟ್ಟು ಬಂದವರಿದ್ದರು. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಬೇಡಿಕೆಯಿಟ್ಟ ಸುದ್ದಿಯನ್ನು ಅವರು ದಿನಕ್ಕೊಮ್ಮೆ ಜಪಿಸುತ್ತಿದ್ದರು. ಲೈಸೆನ್ಸಿಗೆ 200 ತಾಸು ಬೇಕು, ಇಷ್ಟಾಯಿತು, ಇಷ್ಟು ಉಳಿಯಿತು, ಬಡ್ಡಿ ಇಷ್ಟು ಎಂಬುದೇ ಅವರ ಮಾತು. ಲೈಸೆನ್ಸ್ ಕೈಗೆ ಬಂದರೂ ಕೆಲಸ ಸಿಗದ ನನ್ನ 1988ರ ಕತೆಯನ್ನು ಅವರಿಗೆ ಹೇಳಲಿಲ್ಲ.

ನಮ್ಮೂರ ಕಡೆ ಹಾರಿದ್ದು ದೂರದ ಹಾರಾಟದ ಪಾಠದಲ್ಲಿ. ಸಾಂಬ್ರಾದಿಂದ ಹುಬ್ಬಳ್ಳಿ, ಅಲ್ಲಿಂದ ನೈರುತ್ಯಕ್ಕೆ. ಪಶ್ಚಿಮಕ್ಕೆ ಹೆಚ್ಚು ಸರಿಯುವಂತಿಲ್ಲ. ಅತ್ತ ಕೈಗಾದ ಅಣುಸ್ಥಾವರ, ಅದರಾಚೆ ಗೋವಾದ ನೌಕಾದಳದ ಆಕಾಶ. ಮುಂಡಗೋಡದ ಟಿಬೆಟನ್ ಕಾಲೊನಿಯ ಬಂಗಾರದ ಬಣ್ಣದ ಮಾಡುಗಳು ದೂರದಿಂದಲೇ ಹೊಳೆದು ದಾರಿ ಹೇಳಿದವು. ಯಲ್ಲಾಪುರದತ್ತ ಮುಗಿಯದ ಕಾಡು, ಶಿರಸಿಯತ್ತ ಬೆಟ್ಟದ ಸಂದಿಯಲ್ಲಿ ಸಪೂರ ತೋಟಗಳು. ಇಸಳೂರು ಇದೇ ಇರಬೇಕೆಂದು ಒಂದು ತಾವು ತೋರಿಸಿದೆ. ತಗಡಿನ ಮಾಡು, ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡು, ಪ್ಲಾಸ್ಟಿಕ್ ಹೊದಿಸಿದ ಹೊಂಡ, ಎಲ್ಲವೂ ಮಿಂಚುತ್ತಿದ್ದುದರಿಂದ ಒಂದೂರಿಗೂ ಇನ್ನೊಂದೂರಿಗೂ ವ್ಯತ್ಯಾಸ ತಿಳಿಯಲಿಲ್ಲ.

ಆಗ ಮೇಡಂ ಥ್ರಾಟಲ್ ಎಳೆದರು. ಶಾಲೆ ಬದಲಾದರೂ ಆ ಚಾಳಿ ಬದಲಾಗಿಲ್ಲ. "ಇಂಜಿನ್ ಫೇಲ್. ಎಲ್ಲಿ ಇಳೀತೀರಾ ಸರ್?"

ತೋಟದಲ್ಲಿ ಇಳಿಯುವ ಮಾತೇ ಇಲ್ಲ. 50–60 ಅಡಿಯ ಮರಗಳು ಒತ್ತೊತ್ತಾಗಿ ನಿಂತಿರುತ್ತವೆ. ಬೆಟ್ಟದ ಮೇಲೆ ಅಕೇಶಿಯಾ. ಪೂರ್ವಕ್ಕೆ ತಿರುಗಿ ಬನವಾಸಿಯ ಗದ್ದೆ ಎಂದೆ, ನೆನಪಿನಿಂದ. ಕೆಳಗೆ ನೋಡಿದರೆ ಗದ್ದೆಯ ಜಾಗದಲ್ಲಿ ಅಡಿಕೆ. ಅಲ್ಲಲ್ಲಿ ಭತ್ತ, ಮೆಕ್ಕೆಜೋಳ ಉಳಿದಿತ್ತು. ಮೈಲಿಗಟ್ಟಲೆ ಸಮತಟ್ಟೇನೋ ಇದೆ, ಸಾಲುಸಾಲು ಸಸಿ ನಿಂತಿವೆ. ಬಯಲುಸೀಮೆಯ ಅಂಚಿನ ತನಕ, ಹಾನಗಲ್ಲಿನ ಕಡೆಗೂ, ಹೀಗೆಯೇ ಹಬ್ಬಿದೆ. ನೆಲದ ಮೇಲೆ ಓಡಾಡುವಾಗ ಇದನ್ನು ದಿನಾ ನೋಡುತ್ತೇವೆ, ಯಾರ ಗದ್ದೆ ಯಾವಾಗ ತೋಟವಾಯಿತೆಂದು ಹೆಸರು ಸಮೇತ ಹೇಳುತ್ತೇವೆ. ಒಟ್ಟು ಎಷ್ಟೆಂದು ಕಂಡದ್ದು ಮೇಲಿನಿಂದ. ನನ್ನನ್ನು ಮೇಲೆ ಕಳಿಸಿದ ದರವೇ ಕೆಳಗೆ ನನಗೆ ಇಳಿಯಲು ಜಾಗವಿಲ್ಲದ ಹಾಗೆ ಮಾಡಿತ್ತು. ನನ್ನ ಅರ್ಧ ಎಕರೆ ಗದ್ದೆಯೂ ಅದರಲ್ಲಿ ಸೇರಿದೆ. ಕೊನೆಗೆ ಒಂದು ಮೆಕ್ಕೆಜೋಳದ ಹೊಲ ತೋರಿಸಿದೆ. ಮೇಡಂ ಬಗ್ಗಿ ನೋಡಿ, "ತಂತಿ ಇದೆ ಸರ್" ಎಂದು ಥ್ರಾಟಲ್ ಮುಂದಕ್ಕೆ ಕೊಟ್ಟರು.

ಲೈಸೆನ್ಸ್ ಬಂತು. ಅದರಿಂದ ಏನು ಮಾಡುವುದೆಂಬ ಪ್ರಶ್ನೆ ಹಾಗೇ ಇದೆ. ಹಾರಲು ಆಕಾಶ ತಿಳಿಯಾಗಿರುವ ತಿಂಗಳುಗಳಲ್ಲೇ ಅಡಿಕೆಯ ಕೊನೆಕೊಯ್ಲು. ಕೆಲಸ ಮುಗಿದು ಬಿಡುವಾಗುವ ಏಪ್ರಿಲ್, ಮೇನಲ್ಲಿ ಬೆಳಿಗ್ಗೆ ಹತ್ತರ ಮೇಲೆ ವಿಮಾನ ಕುಲುಕುತ್ತದೆ, ಮಧ್ಯಾಹ್ನ ಗುಡುಗು. ಆಮೇಲೆ ನಾಲ್ಕು ತಿಂಗಳು ಮಳೆ. ಜನರನ್ನು ಕೂರಿಸಿಕೊಂಡು ಹಾರಲು ಇತ್ತೀಚೆಗೆ ಹಾರಿರಬೇಕೆಂಬ ನಿಯಮವಿದೆ, ಐವತ್ತು ದಾಟಿದವನಿಗೆ ವರ್ಷವರ್ಷವೂ ವೈದ್ಯಕೀಯ ಪರೀಕ್ಷೆ. ನನ್ನ ತಮ್ಮನ ಮಗನಿಗೆ ಈ ರಗಳೆಯಿಲ್ಲ. 2021ರ ಡ್ರೋನ್ ನಿಯಮದ ಪ್ರಕಾರ ಕೆಲವು ದಿನ ತರಬೇತಿ ಪಡೆದು ಅವನೂ ಪೈಲಟ್ ಸರ್ಟಿಫಿಕೇಟ್ ತಂದಿದ್ದಾನೆ, ತೋಟಕ್ಕೆ ಮದ್ದು ಹೊಡೆಯಲು. ಮೇಲಿಂದ ಬಿದ್ದ ಬೋರ್ಡೋ ದ್ರಾವಣ ಸೋಗೆಯ ಮೇಲೇ ನಿಂತು ಅಡಿಕೆ ಕೊನೆಗೆ ಸರಿಯಾಗಿ ತಾಗುವುದಿಲ್ಲ ಎಂಬುದು ನನ್ನ ವಾದ. "ದೊಡ್ಡಪ್ಪ, ನಿನ್ನ ವಿಮಾನ ಎಂತಕ್ಕೆ ತಾಗ್ತು?" ಎಂಬುದು ಅವನದು.

ಈ ಸಲ ಕೊಯ್ಲು ಬೇಗ ಮುಗಿದರೆ ಹೆಂಡತಿಯನ್ನು ಕೂರಿಸಿಕೊಂಡು ಒಂದು ಸುತ್ತು ಹೋಗುವುದೆಂದು ಹೇಳಿದ್ದೆ. ಶಿರಸಿಯಿಂದ ಮನೆಗೆ ಬರುವಾಗ, ಇಳಿಜಾರಿನಲ್ಲಿ ಗಟ್ಟಿಯಾಗಿ ಸೀಟು ಹಿಡಿದುಕೊಂಡು ಕೂತವಳು ಉತ್ತರ ಕೊಟ್ಟಳು: "ಮೊದ್ಲು ಈ ಜೀಪಿನ ಬ್ರೇಕ್ ಸರಿ ಮಾಡ್ಸಿ."